ಬೇಸ್ ರೆಸಿಸ್ಟರ್ ಲೆಕ್ಕ ಬಿಡಬೇಡಿ: ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ಬಹಿರಂಗ ಪತ್ರ

ಪ್ರೀತಿಯ ಡಿಪ್ಲೊಮಾ ವಿದ್ಯಾರ್ಥಿಗಳೇ,

ನಿಮ್ಮ ಪ್ರಾಜೆಕ್ಟ್‌ಗಳಲ್ಲಿ ರಿಲೇ ಇಲ್ಲದ್ದು ಅಪರೂಪ. ಟ್ಯಾಂಕ್ ತುಂಬಿದೊಡನೆ ಮೋಟರ್ ನಿಲ್ಲಿಸುವುದೂ ಅದೇ, ಕರೆಂಟ್ ಬಂದಾಗ ಪಂಪ್‌ಸೆಟ್ ಚಾಲೂ ಮಾಡುವುದೂ ಅದೇ. ಆದರೆ ಟ್ರಾನ್ಸಿಸ್ಟರಿನ ಬೇಸಿಗೆ ಈ ರೆಸಿಸ್ಟರೇ ಯಾಕೆ ಎಂದು ಕೇಳಿದರೆ, ‘ಎಲ್ಲರೂ ಅದನ್ನೇ ಹಾಕ್ತಾರೆ ಸರ್’ ಎಂಬ ಉತ್ತರ ಬರುತ್ತದೆ. ಆ ಉತ್ತರಕ್ಕಾಗಿಯೇ ಈ ಪತ್ರ.

ಲೆಕ್ಕ ಎರಡು ನಿಮಿಷದ್ದು. ಎಲ್ಲೆಡೆ ಸಿಗುವ ನೀಲಿ ಡಬ್ಬಿಯ 5 ವೋಲ್ಟ್ ರಿಲೇಯ ಕಾಯಿಲ್ ಸುಮಾರು 70 ಓಮ್. ಅದಕ್ಕೆ ಬೇಕಾದ ಕರೆಂಟ್ 71 ಮಿಲಿಆಂಪಿಯರ್. ಬಿಸಿ547 ತಾಳುವುದು 100ರವರೆಗೆ, ಹಾಗಾಗಿ ಸಾಕಾಗುತ್ತದೆ. ಇಲ್ಲಿ ಟ್ರಾನ್ಸಿಸ್ಟರಿನ ಕೆಲಸ ಸ್ವಿಚ್ಚಿನದು, ಅದು ಪೂರ್ತಿ ಸ್ಯಾಚುರೇಟ್ ಆಗಬೇಕು. ಡೇಟಾಶೀಟ್ ತೆರೆದು ನೋಡಿ: ಸ್ಯಾಚುರೇಶನ್ ವೋಲ್ಟೇಜ್ ಕೊಟ್ಟಿರುವುದು ಬೇಸ್ ಕರೆಂಟ್ ಕಲೆಕ್ಟರ್ ಕರೆಂಟಿನ 20ನೇ ಒಂದು ಪಾಲಿದ್ದಾಗ. 71ನ್ನು 20ರಿಂದ ಭಾಗಿಸಿದರೆ ಸುಮಾರು 3.5 ಮಿಲಿಆಂಪಿಯರ್. ಪಿನ್ನಿನ 5 ವೋಲ್ಟಿನಲ್ಲಿ ಬೇಸ್-ಎಮಿಟರ್ ನಡುವೆ ಹೋಗುವ 0.7 ಕಳೆದರೆ ಉಳಿಯುವುದು 4.3. ಅದನ್ನು 3.5 ಮಿಲಿಆಂಪಿಯರಿನಿಂದ ಭಾಗಿಸಿದರೆ 1.2 ಕಿಲೊಓಮ್, 1 ಕಿಲೊಓಮ್ ಹಾಕಿ, ಧೈರ್ಯವಾಗಿರಿ. ಅದೇ ಬೋರ್ಡಿಗೆ 3.3 ವೋಲ್ಟಿನ ಇಎಸ್‌ಪಿ32 ಜೋಡಿಸಿದರೆ ಉಳಿಯುವುದು ಬರೀ 2.6 ವೋಲ್ಟ್. ಆಗ 680 ಓಮ್ ಬೇಕು.

‘10 ಕಿಲೊಓಮ್ ಹಾಕಿದ್ದೆವು, ಲ್ಯಾಬಿನಲ್ಲಿ ಕೆಲಸ ಮಾಡಿತಲ್ಲ’ ಎನ್ನುವವರಿದ್ದೀರಿ. ಮಾಡಿರಬಹುದು. ಬಿಸಿ547ರ ಬೀಟಾ 110ರಿಂದ 800ರವರೆಗೆ ಎಲ್ಲಿ ಬೇಕಾದರೂ ಇರುತ್ತದೆ, ಕರೆಂಟ್ ಹೆಚ್ಚಿದಂತೆ ಇಳಿಯುತ್ತದೆ ಕೂಡ. 10 ಕಿಲೊಓಮಿನಲ್ಲಿ ಬೇಸಿಗೆ ಸಿಗುವುದು 0.43 ಮಿಲಿಆಂಪಿಯರ್. ಕೈಗೆ ಬಂದದ್ದು 110 ಬೀಟಾದ್ದಾದರೆ ಕಾಯಿಲಿಗೆ ಹರಿಯುವುದು 47, ಅದರ ತುದಿಗಳಲ್ಲಿ ಬೀಳುವುದು 3.3 ವೋಲ್ಟ್. ಈ ರಿಲೇ ಖಾತರಿಯಾಗಿ ಎಳೆದುಕೊಳ್ಳಲು 3.75 ವೋಲ್ಟ್ ಬೇಕು. ನಿಮ್ಮ ಮೇಜಿನ ಮೇಲೆ ಟಕ್ ಎಂದ ರಿಲೇ ರೈತನ ಪಂಪ್ ಶೆಡ್ಡಿನಲ್ಲಿ ಸುಮ್ಮನಿರುತ್ತದೆ. ತಪ್ಪು ಟ್ರಾನ್ಸಿಸ್ಟರಿನದಲ್ಲ.

ಇನ್ನೊಂದು ಎಚ್ಚರಿಕೆ. 1 ಕಿಲೊಓಮಿಗೆ ಕಂದು, ಕಪ್ಪು, ಕೆಂಪು. 10 ಕಿಲೊಓಮಿಗೆ ಕಂದು, ಕಪ್ಪು, ಕಿತ್ತಳೆ. ಟ್ಯೂಬ್‌ಲೈಟಿನ ಕೆಳಗೆ ಆ ಕೊನೆಯ ಪಟ್ಟಿ ಸುಲಭವಾಗಿ ಮೋಸ ಮಾಡುತ್ತದೆ. ಬೆಸುಗೆ ಹಾಕುವ ಮೊದಲು ಮಲ್ಟಿಮೀಟರಿನಲ್ಲಿ ಅಳೆಯಿರಿ. ರೆಸಿಸ್ಟರೇ ಇಲ್ಲದೆ ಪಿನ್ನನ್ನು ನೇರವಾಗಿ ಬೇಸಿಗೆ ಕೊಡಲೇಬೇಡಿ, ಮೈಕ್ರೊಕಂಟ್ರೋಲರ್ ಸುಡಬಹುದು. ರೀಸೆಟ್ ಹೊತ್ತಿನಲ್ಲಿ ಪಿನ್ ಅತಂತ್ರವಾಗಿರುತ್ತದೆ. ಬೇಸಿನಿಂದ ಗ್ರೌಂಡಿಗೆ ಒಂದು 10 ಕಿಲೊಓಮ್ ಹಾಕಿದರೆ ಮೋಟರ್ ತಾನಾಗಿ ತಿರುಗುವ ಭಯವಿಲ್ಲ. ಕಾಯಿಲಿಗೆ ಅಡ್ಡಲಾಗಿ ಡಯೋಡ್ ಇರಲೇಬೇಕು.

ಮೇಷ್ಟರುಗಳಲ್ಲಿಯೂ ಒಂದು ವಿನಂತಿ. ಈ ಸಲದ ವೈವಾದಲ್ಲಿ ಬೋರ್ಡ್ ಚಾಲೂ ಆಗುತ್ತದೆಯೇ ಎಂದಷ್ಟೇ ನೋಡಬೇಡಿ. ಟ್ರಾನ್ಸಿಸ್ಟರ್ ಕಿತ್ತು ಅದೇ ನಂಬರಿನ ಇನ್ನೊಂದನ್ನು ಹಾಕಿಸಿ, ರೆಸಿಸ್ಟರಿನ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆಸಿ. ಅಂಕ ಅದಕ್ಕೆ ಕೊಡಿ. ಜನ ತಮ್ಮ ಮನೆಯ ಮೋಟರನ್ನು ನಂಬಿ ಬಿಡುವುದು ಇಂಥ ಬೋರ್ಡುಗಳ ಮೇಲೆ. ಆ ನಂಬಿಕೆಗೆ ತಕ್ಕ ಕೆಲಸ ಮಾಡಲು ನಮ್ಮ ಮಕ್ಕಳಿಗೆ ಬರುತ್ತದೆ, ಕೇಳುವವರು ಬೇಕು.

ಇಂತಿ,
ನಿಮ್ಮ ಹಿತೈಷಿ