‘ಕಡಿಮೆ ಗಂಟೆ ಓಡಿದೆ’ ಎನ್ನುವ ಯಾಟ್ ದಲ್ಲಾಳಿಗಳಿಗೆ ಬಹಿರಂಗ ಪತ್ರ

ಸಿಯಾಟಲ್ ಸುತ್ತಲಿನ ಮರೀನಾಗಳಲ್ಲಿ ಹಳೆಯ ಯಾಟ್‌ಗಳನ್ನು ಮಾರಿಸಿಕೊಡುವ ಮಾನ್ಯ ದಲ್ಲಾಳಿ ಮಹಾಶಯರೇ,



ಪ್ಯೂಜೆಟ್ ಸೌಂಡ್ ಎಂಬ ಈ ಒಳಗಡಲಿನ ದಡದಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಲ್ಲಿ ನಾನೂ ಒಬ್ಬ. ಎತ್ತ ತಿರುಗಿದರೂ ನೀರು ಕಾಣುವ ಊರಿನಲ್ಲಿದ್ದ ಮೇಲೆ ಬೋಟಿನ ಆಸೆ ಹುಟ್ಟುವುದು ಸಹಜ. ಹೊಸದನ್ನು ಕೊಳ್ಳುವ ಶಕ್ತಿ ನನಗಿಲ್ಲ. ನಲವತ್ತಡಿ ಆಸುಪಾಸಿನ, ಡೀಸೆಲ್ ಎಂಜಿನ್ನಿನ, ಹೆಂಡತಿ ಮಕ್ಕಳು ನೆಮ್ಮದಿಯಾಗಿ ಮಲಗಬಹುದಾದ ಸೆಕೆಂಡ್ ಹ್ಯಾಂಡ್ ಮೋಟಾರ್ ಯಾಟ್ ಹುಡುಕುತ್ತ ತಮ್ಮ ಬಾಗಿಲಿಗೆ ಬಂದೆ. ತಾವು ಎದ್ದು ನಿಂತು ಬರಮಾಡಿಕೊಂಡಿರಿ, ಕಾಫಿ ಕೊಟ್ಟಿರಿ, ತೇಗದ ಡೆಕ್ಕಿಗೆ ಗೀರು ಬೀಳದಂತೆ ಶೂ ಬಿಚ್ಚಿಸಿ ಒಳಗೆ ಕರೆದೊಯ್ದಿರಿ. ಆ ಮರ್ಯಾದೆಗೆ ನಾನು ಋಣಿ. ಸೋಫಾ, ಫ್ರಿಜ್ಜು, ಹಾಸಿಗೆಗೆ ಹೊದಿಸಿದ ಹೊಸ ಬಟ್ಟೆ ಎಲ್ಲವನ್ನೂ ತೋರಿಸಿದಿರಿ. ನೆಲದ ಹಲಗೆ ಎತ್ತಿ ಎಂಜಿನ್ ತೋರಿಸಿ ಎಂದು ಮಾತ್ರ ನಾನೇ ಬಾಯಿಬಿಟ್ಟು ಕೇಳಬೇಕಾಯಿತು. ಈ ಪತ್ರವೂ ಆ ಹಲಗೆಯ ಕೆಳಗಿನದನ್ನು ಕುರಿತೇ.

ತಮ್ಮ ಜಾಹೀರಾತಿನ ಮೊದಲ ಸಾಲಿಗೆ ಮೊದಲ ನಮಸ್ಕಾರ. ‘ಕಡಿಮೆ ಗಂಟೆ ಓಡಿದ ಎಂಜಿನ್’ ಎಂದು ಬರೆದಿರುತ್ತೀರಿ. ಕಾರಿಗೆ ಕಿಲೋಮೀಟರ್ ಇದ್ದಂತೆ ಬೋಟಿನ ಎಂಜಿನ್ನಿಗೆ ಗಂಟೆಯ ಮೀಟರ್ ಇರುತ್ತದೆ. ಆ ಅಂಕಿ ಸಣ್ಣದಿದ್ದಷ್ಟೂ ಒಳ್ಳೆಯದೆಂದು ಕಾರು ಕೊಂಡು ಅಭ್ಯಾಸವಾದ ನಮ್ಮಂಥವರು ನಂಬುತ್ತೇವೆ. ನಲವತ್ತು ವರ್ಷದ ಬೋಟಿನಲ್ಲಿ ಮೀಟರ್ 900 ಗಂಟೆ ತೋರಿಸುತ್ತಿದೆ ಎಂದರೆ ಆ ಎಂಜಿನ್ ವರ್ಷಕ್ಕೆ ಸರಾಸರಿ ಇಪ್ಪತ್ತಮೂರು ಗಂಟೆಯೂ ನೆಟ್ಟಗೆ ಓಡಿಲ್ಲ. ಉಳಿದ ಕಾಲವೆಲ್ಲ ಅದು ಉಪ್ಪುನೀರಿನ ಮೇಲೆ ಸುಮ್ಮನೆ ಕೂತಿತ್ತು. ಡೀಸೆಲ್ ಎಂಜಿನ್ ದುಡಿದು ಸಾಯುವುದಕ್ಕಿಂತ ಕೂತು ಸಾಯುವುದೇ ಹೆಚ್ಚು. ಅದನ್ನು ತಣ್ಣಗಿಡಲು ಸಮುದ್ರದ ನೀರು ಹೀಟ್ ಎಕ್ಸ್‌ಚೇಂಜರಿನ ಮೂಲಕ ಹರಿದು, ಎಕ್ಸಾಸ್ಟ್ ಎಲ್ಬೋದಲ್ಲಿ ಹೊಗೆಯ ಜೊತೆ ಸೇರಿ ಹೊರಗೆ ಹೋಗುತ್ತದೆ. ಎಂಜಿನ್ ನಿಂತಾಗ ಆ ಉಪ್ಪು ಅಲ್ಲೇ ಉಳಿದು ಲೋಹವನ್ನು ತಿನ್ನುತ್ತದೆ. ಎಲ್ಬೋ ಒಳಗಿನಿಂದ ತೂತಾದರೆ ನೀರು ಹಿಮ್ಮುಖವಾಗಿ ಟರ್ಬೋಗೆ, ಅಲ್ಲಿಂದ ಸಿಲಿಂಡರಿಗೆ ಇಳಿಯುತ್ತದೆ. ಪಿಸ್ಟನ್ ರಿಂಗುಗಳು ಹಿಡಿದುಕೊಳ್ಳುತ್ತವೆ, ನೀರಿನ ಪಂಪಿನ ರಬ್ಬರ್ ಇಂಪೆಲರ್ ಒಣಗಿ ಸೀಳಿಹೋಗುತ್ತದೆ. ವರ್ಷಕ್ಕೆ ಇನ್ನೂರು ಗಂಟೆ ಓಡಿ, ಹೊತ್ತುಹೊತ್ತಿಗೆ ಆಯಿಲ್ ಬದಲಿಸಿಕೊಂಡ 5000 ಗಂಟೆಯ ಎಂಜಿನ್ ನನಗೆ ಬೇಕು. ತಮ್ಮ 900 ಗಂಟೆಯದು ಬೇಡ. ಇದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅದೇ ಸಾಲನ್ನು ದಪ್ಪಕ್ಷರದಲ್ಲಿ ಹಾಕುತ್ತೀರಲ್ಲ, ಅದೇ ನನ್ನ ಮೊದಲ ದೂರು.

ಪೆಟ್ರೋಲ್ ಎಂಜಿನ್ನಿನ ಬೋಟು ಅಗ್ಗಕ್ಕೆ ಸಿಗುತ್ತದೆಂದು ಸಲಹೆ ಕೊಟ್ಟಿರಿ. ನನ್ನ ಕಿಸೆಯ ಬಗ್ಗೆ ತಮಗಿರುವ ಕಾಳಜಿಗೆ ವಂದನೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಬೋಟಿನ ತಳದಲ್ಲಿ ಕೂರುತ್ತದೆ, ಒಂದು ಕಿಡಿಗೆ ಕಾಯುತ್ತದೆ. ಡೀಸೆಲ್ 52 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುವುದಿಲ್ಲ. ಮಕ್ಕಳು ಮಲಗುವ ಕೋಣೆಯ ಕೆಳಗೇ ಎಂಜಿನ್ ಇರುವ ಬೋಟಿನಲ್ಲಿ ಈ ವಿಷಯಕ್ಕೆ ಚೌಕಾಸಿ ಇಲ್ಲ.

ಇನ್ನು ಯಾವ ಡೀಸೆಲ್ ಎಂಬ ಪ್ರಶ್ನೆ. ಬೋಟು ಬೋಟಿಗೂ ಎಂಜಿನ್ ಬೇರೆ, ಯಾವುದು ಒಳ್ಳೆಯದು ಎಂದು ಕೇಳಿದೆ. ‘ಎಲ್ಲವೂ ಗಟ್ಟಿ, ಯಾವುದನ್ನು ಕೊಂಡರೂ ಮೋಸವಿಲ್ಲ’ ಎಂದಿರಿ. ಎಲ್ಲರನ್ನೂ ಸಮಾನವಾಗಿ ಕಾಣುವ ತಮ್ಮ ದೊಡ್ಡ ಮನಸ್ಸಿಗೆ ಕೈ ಮುಗಿಯುತ್ತೇನೆ. ಆದರೆ ಆ ಎಂಜಿನ್‌ಗಳು ಸಮಾನವಲ್ಲ. ಆ ವ್ಯತ್ಯಾಸವನ್ನು ಹೇಳುವುದು ತಮ್ಮ ಕೆಲಸವಾಗಿತ್ತು. ತಾವು ಹೇಳದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ.

ಹಾಂಗ್‌ಕಾಂಗ್, ಸಿಂಗಪುರಗಳಲ್ಲಿ ಕಟ್ಟಿದ ಹಳೆಯ ಗ್ರ್ಯಾಂಡ್ ಬ್ಯಾಂಕ್ಸ್ ಬೋಟುಗಳಲ್ಲಿ ಹೆಚ್ಚಾಗಿ ಫೋರ್ಡ್ ಲೆಹ್‌ಮನ್ 120 ಇರುತ್ತದೆ. ಇಂಗ್ಲೆಂಡಿನ ಫೋರ್ಡ್ ಕಾರ್ಖಾನೆಯ ಆರು ಸಿಲಿಂಡರಿನ ಡೀಸೆಲ್ಲನ್ನು ನ್ಯೂಜೆರ್ಸಿಯ ಲೆಹ್‌ಮನ್ ಕಂಪನಿ ಸಮುದ್ರಕ್ಕೆ ಒಗ್ಗಿಸಿತು. ಟರ್ಬೋ ಇಲ್ಲ, ಕಂಪ್ಯೂಟರ್ ಇಲ್ಲ, 120 ಅಶ್ವಶಕ್ತಿ, ಬಡಪಾಯಿ ಎಂಜಿನ್. ಅದರ ಸಿಮ್ಸ್ ಇಂಜೆಕ್ಷನ್ ಪಂಪಿಗೆ ಮಾತ್ರ ಬೇರೆಯೇ ಆಯಿಲ್ ಇದೆ, ಐವತ್ತು ಗಂಟೆಗೊಮ್ಮೆ ಅದನ್ನು ಬದಲಿಸಬೇಕು. ಎಂಜಿನ್ ಆಯಿಲ್ ಬದಲಿಸಿದವರು ಕೂಡ ಈ ಪುಟ್ಟ ಪಂಪನ್ನು ಮರೆತಿರುತ್ತಾರೆ. ‘ಪಂಪಿನ ಆಯಿಲ್ ಯಾವಾಗ ಬದಲಿಸಿದ್ದು?’ ಎಂದು ಕೇಳಿದಾಗ ತಾವು ನಕ್ಕಿರಿ. ಆ ನಗು ನನಗೆ ಉತ್ತರವಾಯಿತು.

ಡೆಟ್ರಾಯಿಟ್ 6-71 ಇನ್ನೊಂದು ಜಾತಿ. 1938ರಲ್ಲಿ ಬಂದ ಟೂ ಸ್ಟ್ರೋಕ್ ಡೀಸೆಲ್ ಅದು. ಆರು ಸಿಲಿಂಡರ್, ಒಂದೊಂದೂ 71 ಘನ ಇಂಚು, ಹೆಸರಿನಲ್ಲೇ ಲೆಕ್ಕ ಇದೆ. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ದಡಕ್ಕೆ ಇಳಿಸಿದ ಹಿಗಿನ್ಸ್ ದೋಣಿಗಳಲ್ಲಿ ಇದ್ದದ್ದೂ ಇದರದೇ ಸಾಗರ ರೂಪ. ಕಿವಿ ತಮಟೆ ಒಡೆಯುವಷ್ಟು ಸದ್ದು, ಎಲ್ಲೆಂದರಲ್ಲಿ ಆಯಿಲ್ ಜಿನುಗು. ಆದರೆ ಇದಕ್ಕೆ ಸಿಲಿಂಡರಿನೊಳಗೆ ಕೂರುವ ಬಿಡಿ ಲೈನರುಗಳಿವೆ. ಬೋಟಿನೊಳಗೇ ಬಿಚ್ಚಿ ಹೊಸ ಲೈನರ್ ಕೂರಿಸಬಹುದು. ಸದ್ದು ಸಹಿಸುವವರಿಗೆ ಇದು ಒಪ್ಪುವ ಎಂಜಿನ್.

ನಾವಿರುವ ವಾಷಿಂಗ್ಟನ್ ರಾಜ್ಯದ ಕೆಲ್ಸೊ ಊರಿನಲ್ಲೇ ತಯಾರಾಗುತ್ತಿದ್ದ ಟೋಲಿಕ್ರಾಫ್ಟ್ ಬೋಟುಗಳಲ್ಲಿ ಹಲವಕ್ಕೆ ಇರುವುದು ಕ್ಯಾಟರ್‌ಪಿಲ್ಲರ್ 3208. ವಿ ಆಕಾರದ ಎಂಟು ಸಿಲಿಂಡರ್, 636 ಘನ ಇಂಚು. ಇದಕ್ಕೆ ಲೈನರೇ ಇಲ್ಲ, ಸಿಲಿಂಡರನ್ನು ನೇರವಾಗಿ ಬ್ಲಾಕಿನಲ್ಲೇ ಕೊರೆದಿದ್ದಾರೆ. ಸವೆದರೆ ಇಡೀ ಎಂಜಿನ್ ಮೇಲಕ್ಕೆತ್ತಿ ಬೋರ್ ಮಾಡಿಸಬೇಕು. ಹಾಗೆ ಎತ್ತಲು ಎಷ್ಟೋ ಬೋಟುಗಳಲ್ಲಿ ಕೋಣೆಯ ನೆಲ, ಬಾಗಿಲ ಚೌಕಟ್ಟು ಕಿತ್ತುಹಾಕಬೇಕಾಗುತ್ತದೆ. ಟರ್ಬೋ ಇಲ್ಲದ 210 ಅಶ್ವಶಕ್ತಿಯ 3208 ಬಲು ಬಾಳಿಕೆಯದು. ಅದೇ ಬ್ಲಾಕಿನಿಂದ ಟರ್ಬೋ, ಟರ್ಬೋದ ಗಾಳಿಯನ್ನು ತಣಿಸುವ ಆಫ್ಟರ್‌ಕೂಲರ್ ಹಾಕಿ 375 ಅಶ್ವಶಕ್ತಿ ಹಿಂಡಿದಾಗ ಆಯಸ್ಸು ಕಡಿಮೆಯಾಗುತ್ತದೆ. ತಾವು ಎರಡನ್ನೂ ‘ಕ್ಯಾಟ್ ಎಂಜಿನ್’ ಎಂಬ ಒಂದೇ ಹೆಸರಿನಲ್ಲಿ ಮಾರುತ್ತೀರಿ.

ನನ್ನ ಮನಸ್ಸು ವಾಲಿದ್ದು ಕಮಿನ್ಸ್ ಬಿ ಸರಣಿಯ 5.9 ಲೀಟರ್ ಕಡೆಗೆ. ಜಮ್‌ಶೆಡ್‌ಪುರದಲ್ಲಿ ತಯಾರಾಗಿ ಟಾಟಾ ಲಾರಿಗಳಲ್ಲಿ ನಮ್ಮ ಘಾಟಿಗಳನ್ನು ಹತ್ತಿದ್ದು ಇದೇ ಕುಟುಂಬದ ಎಂಜಿನ್, ಅಮೆರಿಕದ ಡಾಜ್ ಪಿಕಪ್‌ಗಳಲ್ಲಿ 1989ರಿಂದ ಓಡಿದ್ದೂ ಇದೇ. ಬಿಡಿಭಾಗ ಸಿಗುತ್ತದೆ, ಕೈ ಪಳಗಿದ ಮೆಕ್ಯಾನಿಕ್‌ಗಳಿದ್ದಾರೆ. ಇದರ ದೌರ್ಬಲ್ಯ ಆಫ್ಟರ್‌ಕೂಲರ್. ಸಮುದ್ರದ ನೀರು ಹಾಯುವ ಆ ಪೆಟ್ಟಿಗೆಯಲ್ಲಿ ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿರುತ್ತವೆ. ಕೆಲವು ವರ್ಷಕ್ಕೊಮ್ಮೆ ಪೂರಾ ಬಿಚ್ಚಿ, ತೊಳೆದು, ಗ್ರೀಸ್ ಹಚ್ಚಿ, ಒತ್ತಡ ಪರೀಕ್ಷೆ ಮಾಡಿ ಜೋಡಿಸದಿದ್ದರೆ ಉಪ್ಪುನೀರು ಗಾಳಿಯ ದಾರಿಯಲ್ಲಿ ಎಂಜಿನ್ ಒಳಗೆ ಹೋಗುತ್ತದೆ. ತಾವು ತೋರಿಸಿದ ಬೋಟಿನಲ್ಲಿ ಮಂಡಿಯೂರಿ ಟಾರ್ಚ್ ಬಿಟ್ಟು ನೋಡಿದೆ. ಬ್ಲಾಕಿಗೆ ಹೊಚ್ಚ ಹೊಸ ಬಿಳಿ ಬಣ್ಣ, ಹೋಸ್ ಕ್ಲಾಂಪುಗಳ ಮೇಲೂ ಅದೇ ಬಣ್ಣ. ಆಫ್ಟರ್‌ಕೂಲರಿನ ಬೋಲ್ಟ್ ತಲೆಗಳಲ್ಲಿ ಬಣ್ಣ ಒಂದಿಷ್ಟೂ ಬಿರಿದಿರಲಿಲ್ಲ, ಸ್ಪ್ಯಾನರ್ ತಾಗಿದ ಒಂದು ಗುರುತೂ ಇರಲಿಲ್ಲ. ಕೆಳಗಿನ ಅಂಚಿನಲ್ಲಿ ಮಾತ್ರ ಬಣ್ಣದಡಿಯಿಂದ ಹಸಿರು ಕಿಲುಬು ಇಣುಕುತ್ತಿತ್ತು. ‘ಎಷ್ಟು ಚೊಕ್ಕಟ ನೋಡಿ’ ಎಂದಿರಿ. ಚೊಕ್ಕಟವಾಗಿತ್ತು, ಒಪ್ಪುತ್ತೇನೆ. ಆ ಬಣ್ಣದ ಖರ್ಚಿನಲ್ಲಿ ಆಫ್ಟರ್‌ಕೂಲರಿನ ಗ್ಯಾಸ್ಕೆಟ್ ಬರುತ್ತಿತ್ತು.

ನಾನು ಬರುವ ಹೊತ್ತಿಗೆ ಎಂಜಿನ್ ಬೆಚ್ಚಗೆ ಮಾಡಿಟ್ಟ ತಮ್ಮ ಅತಿಥಿ ಸತ್ಕಾರವನ್ನು ಹೇಗೆ ಮರೆಯಲಿ? ಸೆಲ್ಫ್ ಹೊಡೆದ ಮರುಕ್ಷಣವೇ ಸ್ಟಾರ್ಟ್ ಆಯಿತು. ಆದರೆ ರಾತ್ರಿಯೆಲ್ಲ ತಣ್ಣಗೆ ಕೂತ ಡೀಸೆಲ್ ಸ್ಟಾರ್ಟ್ ಆಗುವ ರೀತಿಯೇ ಅದರ ಜಾತಕ. ಬಿಳಿ ಹೊಗೆ ಬಂದು ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಇಲ್ಲವೇ ನೀರು ಸೇರಿದೆ. ನೀಲಿಯಾದರೆ ಆಯಿಲ್ ಸುಡುತ್ತಿದೆ. ಕಪ್ಪಾದರೆ ಗಾಳಿ ಸಾಲದು, ಇಲ್ಲವೇ ಹೊರೆ ಹೆಚ್ಚಿದೆ. ಬೆಚ್ಚಗಿನ ಎಂಜಿನ್ ಇದರಲ್ಲಿ ಬಹಳಷ್ಟನ್ನು ಮುಚ್ಚಿಡುತ್ತದೆ. ಪ್ರಯೋಗಾಲಯಕ್ಕೆ ಆಯಿಲ್ ಮಾದರಿ ಕಳಿಸುತ್ತೇನೆಂದೆ. ತಾವು ಆಗಷ್ಟೇ ಹೊಸ ಆಯಿಲ್ ತುಂಬಿಸಿದ್ದಿರಿ. ಸವೆದ ಲೋಹದ ಪುಡಿ, ಸೇರಿದ ಉಪ್ಪು ಎಲ್ಲವೂ ಹಳೆಯ ಆಯಿಲ್ಲಿನ ಜೊತೆ ಹೊರಟುಹೋಗಿದ್ದವು. ಹೊಸ ಆಯಿಲ್ಲಿಗೆ ಹೇಳಲು ಏನೂ ಇರುವುದಿಲ್ಲ.

ವೇಗದ ವಿಷಯಕ್ಕೂ ತಮಗೆ ಧನ್ಯವಾದ ಹೇಳಬೇಕು. ‘ಹದಿನಾರು ನಾಟ್ ಹೋಗುತ್ತದೆ’ ಎಂದು ಎದೆಯುಬ್ಬಿಸಿ ಹೇಳಿದಿರಿ, ಅದರ ಬೆಲೆ ಹೇಳಲಿಲ್ಲ. ನೀರ ಗೆರೆಯಲ್ಲಿ ನಲವತ್ತಡಿ ಉದ್ದದ ಬೋಟು ಸುಮಾರು ಎಂಟೂವರೆ ನಾಟ್‌ವರೆಗೆ ಸುಲಭವಾಗಿ ಸಾಗುತ್ತದೆ. ಅದನ್ನು ಮೀರಬೇಕಾದರೆ ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕು. ಡೀಸೆಲ್ ಎಂಜಿನ್ ಸರಿಸುಮಾರು ಇಪ್ಪತ್ತು ಅಶ್ವಶಕ್ತಿಗೆ ಗಂಟೆಗೊಂದು ಗ್ಯಾಲನ್ ಕುಡಿಯುತ್ತದೆ. ಎಂಟು ನಾಟ್‌ನಲ್ಲಿ ಎಂಬತ್ತು ಅಶ್ವಶಕ್ತಿ ಬೇಕಾದರೆ ಗಂಟೆಗೆ ನಾಲ್ಕು ಗ್ಯಾಲನ್, ಹದಿನಾರರಲ್ಲಿ ಐನೂರು ಬೇಕಾದರೆ ಇಪ್ಪತ್ತೈದು. ಸಿಯಾಟಲ್‌ನಿಂದ ಸ್ಯಾನ್ ವಾನ್ ದ್ವೀಪಗಳಿಗೆ ಅರವತ್ತಕ್ಕೂ ಹೆಚ್ಚು ನಾಟಿಕಲ್ ಮೈಲಿ. ಮೊದಲ ಲೆಕ್ಕದಲ್ಲಿ ಎಂಟು ಗಂಟೆ, ಸುಮಾರು 120 ಲೀಟರ್. ಎರಡನೆಯದರಲ್ಲಿ ನಾಲ್ಕು ಗಂಟೆ, 380 ಲೀಟರ್. ವೇಗಕ್ಕೂ ಒಂದು ಉಪಯೋಗವಿದೆ ಎಂದು ಒಪ್ಪುತ್ತೇನೆ. ಡಿಸೆಪ್ಶನ್ ಪಾಸ್ ಎಂಬ ಇಕ್ಕಟ್ಟಾದ ಜಲಸಂಧಿಯಲ್ಲಿ ಉಬ್ಬರವಿಳಿತದ ಸೆಳೆತ ಎಂಟು ನಾಟ್‌ವರೆಗೂ ಏರುತ್ತದೆ, ನಿಧಾನದ ಬೋಟು ಅಲ್ಲಿ ಸೆಳೆತ ತಗ್ಗುವವರೆಗೆ ಕಾಯಲೇಬೇಕು. ನಾನು ಕಾಯುವವರ ಪೈಕಿ. ಆದರೆ ಆ ಇಕ್ಕಟ್ಟಿನ ನಡುವೆ, ಬೇಸಿಗೆಯಲ್ಲೂ ಕೊರೆಯುವ ನೀರಿನಲ್ಲಿ, ಬಣ್ಣ ಬಳಿದ ಎಂಜಿನ್ ನಿಂತುಬಿಟ್ಟರೆ ಬಂಡೆಗೆ ಬಡಿಯುವುದು ನನ್ನ ಮನೆಮಂದಿ. ಆಗ ತಾವು ಅಲ್ಲಿರುವುದಿಲ್ಲ.

‘ಒಂದು ಕೆಟ್ಟರೆ ಇನ್ನೊಂದಿದೆ’ ಎಂದು ಎರಡು ಎಂಜಿನ್ನಿನ ಬೋಟನ್ನು ಹೊಗಳಿದಿರಿ. ಮಾತು ನಿಜ, ದಕ್ಕೆಗೆ ತಂದು ನಿಲ್ಲಿಸಲೂ ಎರಡಿದ್ದರೆ ಸುಲಭ. ಎಂಜಿನ್‌ಗಳ ಹೊರಮಗ್ಗುಲಿಗೆ ಕೈ ಹೋಗುವಂತಿದ್ದರೆ ನಾನೂ ಎರಡಕ್ಕೇ ಒಪ್ಪುತ್ತಿದ್ದೆ. ಡೀಸೆಲ್ ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ನನ್ನ ಮುಂಗೈ ಮಾತ್ರ ತೂರುತ್ತಿತ್ತು. ಕೈ ಹೋಗದ ಕಡೆಯ ಇಂಪೆಲರನ್ನು, ಲೋಹ ತಿನ್ನದಂತೆ ತಡೆಯುವ ಝಿಂಕನ್ನು ಯಾರೂ ಬದಲಿಸಿರುವುದಿಲ್ಲ. ನಡುವೆ ಒಂದೇ ಎಂಜಿನ್, ಸುತ್ತ ಕೂರಲು ಜಾಗ, ಪ್ರೊಪೆಲ್ಲರಿನ ಮುಂದೆ ಕಾಪಾಡುವ ಕೀಲ್ ಇರುವ ಬೋಟೇ ನನಗೆ ಮೇಲು. ಹತ್ತು ವರ್ಷ ಅದನ್ನು ನೋಡಿಕೊಳ್ಳಬೇಕಾದವನು ನಾನು.

ಕೊನೆಯದಾಗಿ ತಮ್ಮ ಅವಸರಕ್ಕೆ ನಮನ. ‘ಇನ್ನೊಬ್ಬರು ನೋಡಿ ಹೋಗಿದ್ದಾರೆ, ಇವತ್ತೇ ಮುಂಗಡ ಕೊಡಿ, ಬೋಟಿನ ಸರ್ವೇಯರ್ ಒಬ್ಬ ಸಾಕು’ ಎಂದಿರಿ. ಬೋಟಿನ ಮೈ ನೋಡುವವರು ಬೇರೆ, ಎಂಜಿನ್ ನೋಡುವವರು ಬೇರೆ. ಇಬ್ಬರ ಖರ್ಚನ್ನೂ ಕೊಳ್ಳುವವನೇ ಕೊಡುತ್ತಾನೆ, ಕೊಡಲು ನಾನು ತಯಾರು. ಬೇಡ ಎಂದದ್ದು ತಾವು.

ಆದುದರಿಂದ ವಿನಮ್ರ ಕೋರಿಕೆ. ಜಾಹೀರಾತಿನಲ್ಲಿ ಗಂಟೆಯ ಜೊತೆಗೆ ಆಯಿಲ್, ಇಂಪೆಲರ್, ಎಕ್ಸಾಸ್ಟ್ ಎಲ್ಬೋ ಬದಲಿಸಿದ ರಸೀದಿಗಳನ್ನೂ ಹಾಕಿ. ಎಂಜಿನ್ ತಣ್ಣಗಿರುವಾಗ ನಮ್ಮನ್ನು ಕರೆಯಿರಿ. ಮಾದರಿ ತೆಗೆಯುವವರೆಗೆ ಆಯಿಲ್ ಮುಟ್ಟಬೇಡಿ. ನೀರಿಗೆ ಒಯ್ದಾಗ ಥ್ರಾಟಲ್ ಪೂರ್ತಿ ಕೊಟ್ಟು ತಯಾರಕರು ಹೇಳಿದ ಆರ್‌ಪಿಎಂ ಮುಟ್ಟುತ್ತದೆಯೇ ಎಂದು ನೋಡಲು ಬಿಡಿ. ಬಣ್ಣವನ್ನು ನಾವೇ ಹೊಡೆದುಕೊಳ್ಳುತ್ತೇವೆ.

ತಮಗೆ ಬಾರದ ಭಾಷೆಯಲ್ಲಿ ಬರೆದಿದ್ದೇನೆ, ಕ್ಷಮೆಯಿರಲಿ. ಈ ತೀರದಲ್ಲಿ ಬೋಟು ನೋಡಲು ಹೊರಟಿರುವ ಕನ್ನಡದ ಬಂಧುಗಳು ಇದನ್ನು ಓದುತ್ತಾರೆ. ಅವರಲ್ಲಿ ನನ್ನ ಪ್ರಾರ್ಥನೆ ಒಂದೇ: ಈ ನಾಲ್ಕು ಕೋರಿಕೆಗಳಿಗೆ ಒಪ್ಪದ ದಲ್ಲಾಳಿಗೆ ಒಂದು ಡಾಲರ್ ಮುಂಗಡವನ್ನೂ ಕೊಡಬೇಡಿ.

ಇಂತಿ ತಮ್ಮ ವಿಧೇಯ,
ಒಬ್ಬ ಗಿರಾಕಿ