ಬಂದದ್ದೆಷ್ಟು, ಹೋದದ್ದೆಷ್ಟು: ತಿರುಪ್ಪೂರಿನ ಒಂದು ನೆಟ್ ಮೀಟರಿನ ಸಂದರ್ಶನ

ಮನೆಯೊಳಗೆ ಬರುವ ಕರೆಂಟನ್ನೂ ಮನೆಯಿಂದ ಹೊರಗೆ ಹೋಗುವ ಕರೆಂಟನ್ನೂ ಬೇರೆಬೇರೆಯಾಗಿ ಎಣಿಸುವ ಸಾಧನವೇ ನೆಟ್ ಮೀಟರು. ತಾರಸಿಯ ಮೇಲೆ ಸೋಲಾರ್ ಫಲಕ ಕೂರಿಸಿದ ಮನೆಯಲ್ಲಿ ಹಳೆಯ ಮೀಟರನ್ನು ಕಳಚಿ ಇದನ್ನು ಹಾಕುತ್ತಾರೆ. ಇಲ್ಲಿ ಮಾತನಾಡಿಸಿದ ಮೀಟರು ತಿರುಪ್ಪೂರಿನಿಂದ ಪಲ್ಲಡಂ ಕಡೆಗೆ ಹೋಗುವ ದಾರಿಯಲ್ಲಿ ಒಂದು ದೇವಾಂಗ ಕುಟುಂಬದ ಮನೆಯ ಗೋಡೆಗಿದೆ. ಆ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಬಿಲ್ಲಿನಲ್ಲಿ ಅಂಕಿ. ಮೀಟರಿಗೆ ಚೆನ್ನಾಗಿ ಬರುವುದು ಮೂರನೆಯದು ಮಾತ್ರ. ಇಲಾಖೆಯ ಸ್ವತ್ತಾದ್ದರಿಂದ ಅದು ತನ್ನನ್ನು ‘ನಾನು’ ಎಂದು ಕರೆದುಕೊಳ್ಳುವುದಿಲ್ಲ. ಕಡತದ ರೀತಿಯಲ್ಲಿ ‘ಈ ಮೀಟರು’ ಎನ್ನುತ್ತದೆ.

ಪ್ರಶ್ನೆ: ಈ ಸೀಮೆಗೆ ಕರೆಂಟು ಬಂದ ಬಗೆ?

ಮೀಟರು: ನೀಲಗಿರಿಯ ಪೈಕಾರ ಜಲವಿದ್ಯುತ್ ಕೇಂದ್ರ 1932ರಲ್ಲಿ ಶುರುವಾದ ಮೇಲೆ ಕೊಯಮತ್ತೂರಿನ ಹತ್ತಿ ಗಿರಣಿಗಳು ಬೆಳೆದವು. 1957ರಲ್ಲಿ ತಮಿಳುನಾಡು ವಿದ್ಯುತ್ ಮಂಡಳಿ ಹುಟ್ಟಿತು. ಆಮೇಲೆ ಮಂಡಳಿ ಒಡೆದು ಕಂಪನಿಗಳಾಯಿತು, ಕಂಪನಿಗಳ ಹೆಸರೂ ಬದಲಾಯಿತು. ಜನ ಮಾತ್ರ ಇಂದಿಗೂ ‘ಇಬಿ’ ಎಂದೇ ಕರೆಯುತ್ತಾರೆ. ಹೆಸರು ಬದಲಾದಾಗ ಬಿಲ್ಲು ಇಳಿದ ಉದಾಹರಣೆ ಈ ಮೀಟರಿನ ದಾಖಲೆಯಲ್ಲಿಲ್ಲ.

ಪ್ರಶ್ನೆ: ಮನೆಗಳಿಗೆ ಸೂರ್ಯನ ನೆನಪಾದದ್ದು ಯಾವಾಗ?

ಮೀಟರು: ಎರಡು ಸಲ. ಮೊದಲನೆಯದು 2012ರ ಸುಮಾರಿಗೆ. ಆಗ ದಿನದ ಅರ್ಧಕ್ಕೂ ಹೆಚ್ಚು ಹೊತ್ತು ಕರೆಂಟು ಹೋಗುತ್ತಿತ್ತು. ತಿರುಪ್ಪೂರಿನ ಬನಿಯನ್ ಕಂಪನಿಗಳು ಡೀಸೆಲ್ ಜನರೇಟರ್ ಹಾಕಿಕೊಂಡವು, ಮನೆಗಳು ಬ್ಯಾಟರಿ ಕೊಂಡವು. ಅದೇ ವರ್ಷದ ಅಕ್ಟೋಬರಿನಲ್ಲಿ ರಾಜ್ಯ ಸೌರಶಕ್ತಿ ನೀತಿಯನ್ನು ಪ್ರಕಟಿಸಿ, 2015ರೊಳಗೆ 3000 ಮೆಗಾವ್ಯಾಟ್ ಗುರಿ ಇಟ್ಟಿತು. ಎರಡನೆಯದು 2022ರ ಸೆಪ್ಟೆಂಬರಿನಲ್ಲಿ, ಎಂಟು ವರ್ಷ ಅಲುಗದಿದ್ದ ದರ ಏರಿದಾಗ. ಮೊದಲ ಸಲ ಕರೆಂಟು ಇಲ್ಲವೆಂದು ಸೂರ್ಯ ಬೇಕಾದ. ಎರಡನೆಯ ಸಲ ಕರೆಂಟು ಇದೆಯೆಂದು ಬೇಕಾದ.

ಪ್ರಶ್ನೆ: ದರದ ಲೆಕ್ಕ ವಿವರಿಸಬಹುದೇ?

ಮೀಟರು: ಇಲ್ಲಿ ರೀಡಿಂಗ್ ಎರಡು ತಿಂಗಳಿಗೊಮ್ಮೆ. 2016ರಿಂದ ಎಲ್ಲ ಮನೆಗೂ ಮೊದಲ 100 ಯೂನಿಟ್ ಉಚಿತ. 2022ರ ದರದ ಪ್ರಕಾರ 500 ಯೂನಿಟ್ ದಾಟದ ಮನೆಗೆ 101ರಿಂದ 200ರವರೆಗೆ ಯೂನಿಟ್ಟಿಗೆ 2.25 ರೂಪಾಯಿ, 400ರವರೆಗೆ 4.50, 500ರವರೆಗೆ 6. 500 ಯೂನಿಟ್ಟಿಗೆ ಒಟ್ಟು 1725 ರೂಪಾಯಿ. 500 ದಾಟಿದರೆ ಪಟ್ಟಿಯೇ ಬೇರೆ: 101ರಿಂದ 400ರವರೆಗೆ ಪೂರ್ತಿ 4.50, ಆಮೇಲೆ 6, 8, 9, 10, 11 ಹೀಗೆ ಮೆಟ್ಟಿಲು. ಆದ್ದರಿಂದ 501 ಯೂನಿಟ್ಟಿಗೆ 1958 ರೂಪಾಯಿ. ಕೊನೆಯ ಆ ಒಂದು ಯೂನಿಟ್ಟಿನ ಬೆಲೆ 233 ರೂಪಾಯಿ.

ಪ್ರಶ್ನೆ: ಒಂದು ಯೂನಿಟ್ಟಿನಲ್ಲಿ ಅಷ್ಟು ಬೆಲೆಬಾಳುವಂಥದ್ದು ಏನಿದೆ?

ಮೀಟರು: ನೂರು ವ್ಯಾಟಿನ ಬಲ್ಬು ಹತ್ತು ತಾಸು ಉರಿಯುತ್ತದೆ. ಬೇರೇನೂ ಇಲ್ಲ.

ಪ್ರಶ್ನೆ: ತಿಂಗಳಿಗೊಮ್ಮೆ ರೀಡಿಂಗ್ ಮಾಡಿದರೆ?

ಮೀಟರು: ಬೇಸಿಗೆಯ ಒಂದು ತಿಂಗಳಲ್ಲಿ ಏಸಿ ಓಡಿಸಿದ ತಪ್ಪಿಗೆ ಪಕ್ಕದ ತಿಂಗಳೂ ಮೇಲಿನ ಮೆಟ್ಟಿಲಿಗೆ ಏರುವುದು ತಪ್ಪುತ್ತದೆ. 2021ರ ಚುನಾವಣೆಯಲ್ಲಿ ಡಿಎಂಕೆ ಪ್ರಣಾಳಿಕೆ ತಿಂಗಳ ರೀಡಿಂಗಿನ ಮಾತುಕೊಟ್ಟಿತ್ತು. ಪ್ರಣಾಳಿಕೆಯನ್ನು ರೀಡಿಂಗ್ ಮಾಡುವ ಮೀಟರು ಇನ್ನೂ ತಯಾರಾಗಿಲ್ಲ.

ಪ್ರಶ್ನೆ: ತಾರಸಿಯ ಮೇಲೆ ನಡೆಯುವುದೇನು?

ಮೀಟರು: ಒಂದು ಕಿಲೋವ್ಯಾಟಿನ ಫಲಕಗಳಿಗೆ ಸುಮಾರು 10 ಚದರ ಮೀಟರ್ ಜಾಗ ಬೇಕು. ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ. ತಿರುಪ್ಪೂರು 11 ಡಿಗ್ರಿ ಅಕ್ಷಾಂಶದಲ್ಲಿದೆ. ಫಲಕವನ್ನು ದಕ್ಷಿಣಕ್ಕೆ ಮುಖ ಮಾಡಿ ಹೆಚ್ಚುಕಡಿಮೆ ಅಷ್ಟೇ ಓರೆಯಾಗಿ ಇಡುತ್ತಾರೆ. ಫಲಕ ಕೊಡುವ ಡಿಸಿ ಕರೆಂಟನ್ನು ಇನ್ವರ್ಟರು ಮನೆಗೆ ಬೇಕಾದ ಏಸಿ ಕರೆಂಟಾಗಿ ಬದಲಿಸುತ್ತದೆ. ಮನೆ ಉಣ್ಣುವಷ್ಟು ಉಂಡು, ಮಿಕ್ಕದ್ದು ಈ ಮೀಟರಿನ ಮೂಲಕ ಬೀದಿಯ ತಂತಿಗೆ ಹೋಗುತ್ತದೆ. ಅದು ‘ಎಕ್ಸ್‌ಪೋರ್ಟ್’ ಲೆಕ್ಕ. ರಾತ್ರಿ ತಂತಿಯಿಂದ ಬಂದದ್ದು ‘ಇಂಪೋರ್ಟ್’. ಎರಡರ ವ್ಯತ್ಯಾಸಕ್ಕೆ ಬಿಲ್ಲು. ಹೊರದೇಶಕ್ಕೆ ಬನಿಯನ್ ಕಳುಹಿಸಿ ಹೆಸರಾದ ಊರಿನಲ್ಲಿ ಈಗ ಅಡುಗೆಮನೆಯ ಮೇಲಿನ ತಾರಸಿಯೂ ರಫ್ತುದಾರ. ಹಡಗು ಬೇಡ, ಬಂದರು ಬೇಡ. ಮಾಲು ಹೆಚ್ಚಿನ ಮಟ್ಟಿಗೆ ಪಕ್ಕದ ಮನೆಯ ಫ್ರಿಜ್ಜಿಗೇ ತಲುಪುತ್ತದೆ.

ಪ್ರಶ್ನೆ: ಬಿಸಿಲು ಹೆಚ್ಚಿದಷ್ಟೂ ಯೂನಿಟ್ ಹೆಚ್ಚೇ?

ಮೀಟರು: ಬೆಳಕು ಹೆಚ್ಚಿದರೆ ಹೌದು, ಕಾವು ಹೆಚ್ಚಿದರೆ ಅಲ್ಲ. ಫಲಕದ ಬಿಸಿ 25 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಉತ್ಪಾದನೆ ನೂರಕ್ಕೆ 0.3ರಿಂದ 0.4ರಷ್ಟು ಇಳಿಯುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಮನೆಯವರಂತೆ ಫಲಕವೂ ಸೋಲುತ್ತದೆ. ಧೂಳು ಕೂತರೂ ನಷ್ಟ. ಎಲ್ಲಕ್ಕಿಂತ ದೊಡ್ಡ ಶತ್ರು ನೆರಳು: ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ನೀರಿನ ಟ್ಯಾಂಕಿನ ನೆರಳು ಬಿದ್ದರೆ ಇಡೀ ಸಾಲಿನ ಉತ್ಪಾದನೆ ಕುಗ್ಗುತ್ತದೆ. ಪಕ್ಕದ ಸೈಟಿನಲ್ಲಿ ಎರಡನೆಯ ಮಹಡಿ ಎದ್ದರೆ ಅದಕ್ಕೆ ವಾರಂಟಿ ಇಲ್ಲ.

ಪ್ರಶ್ನೆ: ಕರೆಂಟು ಹೋದಾಗ ಸೋಲಾರ್ ಮನೆಯಲ್ಲಿ ದೀಪ ಉರಿಯುತ್ತದಲ್ಲವೇ?

ಮೀಟರು: ಇಲ್ಲ. ಬೀದಿಯ ತಂತಿ ಸತ್ತರೆ ಇನ್ವರ್ಟರು ತಾನಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ತಾರಸಿಯ ಕರೆಂಟು ತಂತಿಗೆ ಹರಿದು ಕಂಬದ ಮೇಲಿರುವ ಲೈನ್‌ಮನ್ ಜೀವಕ್ಕೆ ಎರವಾಗುತ್ತದೆ. ಬ್ಯಾಟರಿ ಇಟ್ಟ ಮನೆಯಲ್ಲಿ ಮಾತ್ರ ದೀಪ. ಎರಡು ಲಕ್ಷದ ಹತ್ತಿರ ಖರ್ಚು ಮಾಡಿದ ಯಜಮಾನರು ಉರಿಬಿಸಿಲಿನಲ್ಲಿ ಬೀಸಣಿಗೆ ಹಿಡಿದು ಕೂತದ್ದನ್ನು ಈ ಮೀಟರು ಕಂಡಿದೆ. ಆ ಹೊತ್ತಿನಲ್ಲಿ ದಾಖಲಾದ ಯೂನಿಟ್ ಸೊನ್ನೆ.

ಪ್ರಶ್ನೆ: ಸಹಾಯಧನ?

ಮೀಟರು: 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯ ಗುರಿ ಒಂದು ಕೋಟಿ ಮನೆ, ಮೊತ್ತ 75,021 ಕೋಟಿ ರೂಪಾಯಿ. ಎರಡು ಕಿಲೋವ್ಯಾಟಿನವರೆಗೆ ಕಿಲೋವ್ಯಾಟಿಗೆ 30,000, ಮೂರನೆಯದಕ್ಕೆ 18,000. ಹೆಚ್ಚೆಂದರೆ 78,000 ರೂಪಾಯಿ. ಸರ್ಕಾರದ ಲೆಕ್ಕದಲ್ಲಿ ಮೂರು ಕಿಲೋವ್ಯಾಟಿನ ಬೆಲೆ 1,45,000. ಅಂಗಡಿಯವರ ಲೆಕ್ಕ ಬೇರೆ.

ಪ್ರಶ್ನೆ: ಹಾಕಿದ ಹಣ ಎಷ್ಟು ವರ್ಷದಲ್ಲಿ ಹುಟ್ಟುತ್ತದೆ?

ಮೀಟರು: ಮೂರು ಮನೆ ತೆಗೆದುಕೊಳ್ಳಬಹುದು. ಸರ್ಕಾರದ ಬೆಲೆಯನ್ನೂ 2022ರ ದರವನ್ನೂ ಹಿಡಿಯೋಣ. ಎರಡು ತಿಂಗಳಿಗೆ 900 ಯೂನಿಟ್ ಉರಿಸುವ, ಏಸಿ ಇರುವ ಮನೆಯ ಬಿಲ್ಲು 5550. ಮೂರು ಕಿಲೋವ್ಯಾಟ್ 720 ಯೂನಿಟ್ ಕೊಟ್ಟರೆ ಉಳಿದ 180ಕ್ಕೆ ಬಿಲ್ಲು 180 ರೂಪಾಯಿ. ಸಹಾಯಧನ ಕಳೆದು ಹಾಕಿದ 67,000 ಎರಡು ವರ್ಷ ದಾಟುತ್ತಿದ್ದಂತೆ ವಾಪಸ್ಸು. 400 ಯೂನಿಟ್ಟಿನ ಮನೆಯ ಬಿಲ್ಲು 1125. ಎರಡು ಕಿಲೋವ್ಯಾಟಿಗೆ ಕೈಯಿಂದ 40,000 ಹಾಕಿದರೆ ಸುಮಾರು ಆರು ವರ್ಷ. 100 ಯೂನಿಟ್ಟಿನ ಮನೆಗೆ ಬಿಲ್ಲೇ ಇಲ್ಲ, ಉಳಿತಾಯವೂ ಇಲ್ಲ. ಅಂಗಡಿಯ ಬೆಲೆ ಹಿಡಿದರೆ ವರ್ಷಗಳು ಹೆಚ್ಚುತ್ತವೆ, ಸಾಲಿನ ಕ್ರಮ ಬದಲಾಗುವುದಿಲ್ಲ. ಹೆಚ್ಚು ಉರಿಸಿದವರಿಗೆ ಬೇಗ ಲಾಭ.

ಪ್ರಶ್ನೆ: ಪವರ್‌ಲೂಮ್ ಮನೆಗಳು?

ಮೀಟರು: ಈ ಮನೆಯ ಹಿಂಬದಿಯಲ್ಲೂ ಮಗ್ಗಗಳಿವೆ; ಅವಕ್ಕೆ ಬೇರೆ ಮೀಟರು. ಪವರ್‌ಲೂಮಿಗೆ ಎರಡು ತಿಂಗಳಿಗೆ 750 ಇದ್ದ ಉಚಿತ ಯೂನಿಟ್ 2023ರಲ್ಲಿ 1000 ಆಯಿತು, ಕೈಮಗ್ಗಕ್ಕೆ 200 ಇದ್ದದ್ದು 300 ಆಯಿತು. ಕೂಲಿಗೆ ನೇಯುವವರಿಗೆ ಸೋಮನೂರಿನಿಂದ ಪಲ್ಲಡಂವರೆಗೆ ಅದೇ ಆಸರೆ. ಉಚಿತದ ಮಿತಿಯೊಳಗೆ ಇರುವ ಮಗ್ಗಕ್ಕೆ ಫಲಕ ಹಾಕಿ ಉಳಿಸುವುದು ಏನೂ ಇಲ್ಲ. ಮಿತಿ ದಾಟಿದವರಿಗೆ ಲಾಭವಿದೆ, ಮುಂಗಡ ಹಾಕಲು ಕೂಲಿಯಲ್ಲಿ ಉಳಿಯುವುದಿಲ್ಲ.

ಪ್ರಶ್ನೆ: ಬಾಡಿಗೆಯವರು?

ಮೀಟರು: ಬಿಹಾರ, ಒಡಿಶಾದಿಂದ ಬಂದು ಬನಿಯನ್ ಕಂಪನಿಗಳಲ್ಲಿ ದುಡಿಯುವವರು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿದ್ದಾರೆ. ಒಂದು ಕೋಣೆ, ಒಂದು ಫ್ಯಾನು, ಹಲವು ಜನ. ತಾರಸಿ ಮಾಲೀಕರದು, ಬಿಸಿಲು ಅದರ ಕೆಳಗಿನವರದು. ಅನೇಕ ಕಡೆ ಮಾಲೀಕರೇ ಯೂನಿಟ್ಟಿಗೆ ಒಂದೇ ದರ ಕಟ್ಟಿ ವಸೂಲಿ ಮಾಡುತ್ತಾರೆ. ಅಲ್ಲಿ ಸರ್ಕಾರದ 100 ಉಚಿತ ಯೂನಿಟ್ ಮೆಟ್ಟಿಲು ಹತ್ತಿ ಮಾಲೀಕರ ಮನೆಯಲ್ಲೇ ಉಳಿಯುತ್ತದೆ.

ಪ್ರಶ್ನೆ: ಇದಕ್ಕೆಲ್ಲ ಇಬಿ ಏನನ್ನುತ್ತದೆ?

ಮೀಟರು: ಸೋಲಾರ್ ಮನೆ ಹಗಲು ಬೇಡದ ಹೊತ್ತಿನಲ್ಲಿ ಕೊಟ್ಟು, ಸಂಜೆ ಎಲ್ಲರೂ ಕೇಳುವ ಹೊತ್ತಿನಲ್ಲಿ ತಾನೂ ಕೇಳುತ್ತದೆ ಎಂಬುದು ಅದರ ದೂರು. ಕಂಬ, ತಂತಿ, ಟ್ರಾನ್ಸ್‌ಫಾರ್ಮರಿನ ಖರ್ಚು ಹಾಗೇ ಇದೆ. ದೊಡ್ಡ ಬಿಲ್ಲಿನವರು ಜಾರಿಕೊಂಡರೆ ಅದು ಉಳಿದವರ ಮೇಲೆ ಬೀಳುತ್ತದೆ. ಇದರಲ್ಲಿ ನಿಜವಿದೆ. ಆದರೆ ಕಾರ್ಖಾನೆಗಳ ತಾರಸಿ ಸೋಲಾರಿಗೆ ನೆಟ್‌ವರ್ಕ್ ಶುಲ್ಕ ಹಾಕಿದಾಗ, ಅದನ್ನು ತೆಗೆಯಿರಿ ಎಂಬುದೂ ಸೇರಿದಂತೆ ಹಲವು ಬೇಡಿಕೆ ಇಟ್ಟು ಸಣ್ಣ ಕೈಗಾರಿಕೆಗಳವರು 2023ರ ಸೆಪ್ಟೆಂಬರಿನಲ್ಲಿ ಒಂದು ದಿನ ಬಾಗಿಲು ಹಾಕಿದರು. ಅಂದು ಫಲಕಗಳು ಮುಷ್ಕರ ಮಾಡಲಿಲ್ಲ.

ಪ್ರಶ್ನೆ: ಕರ್ನಾಟಕದಲ್ಲಿರುವ ನೆಂಟರು ಏನನ್ನುತ್ತಾರೆ?

ಮೀಟರು: ಅಲ್ಲಿ 2023ರಿಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ, ಅದೂ ಹಿಂದಿನ ಬಳಕೆಯ ಸರಾಸರಿಗೆ ತಕ್ಕಂತೆ. ಮದುವೆ ಮನೆಯಲ್ಲಿ ಸೇರಿದಾಗ ಎರಡೂ ಕಡೆಯವರು ಸೊನ್ನೆ ಬಿಲ್ಲನ್ನು ತೋರಿಸಿಕೊಳ್ಳುತ್ತಾರೆ. ಸೊನ್ನೆ ಬಿಲ್ಲಿನವರು ಸೋಲಾರ್ ಏಜೆಂಟಿನ ಮಾತಿಗೆ ಕಿವಿಗೊಡುವುದಿಲ್ಲ. ಉಚಿತ ಕರೆಂಟಿಗೂ ಸೋಲಾರ್ ಸಹಾಯಧನಕ್ಕೂ ಹಣ ತೆರಿಗೆಯಿಂದಲೇ ಬರುತ್ತದೆ. ಒಂದು ಇನ್ನೊಂದರ ವ್ಯಾಪಾರ ಕೆಡಿಸುತ್ತದೆ.

ಪ್ರಶ್ನೆ: ಫಲಕದ ಆಯುಸ್ಸು?

ಮೀಟರು: ಫಲಕದ ಉತ್ಪಾದನೆಗೆ 25 ವರ್ಷದ ವಾರಂಟಿ ಕೊಡುವುದು ವಾಡಿಕೆ, ವರ್ಷವರ್ಷಕ್ಕೂ ಒಂದಿಷ್ಟು ಇಳಿಮುಖ. ಇನ್ವರ್ಟರನ್ನು ಅದಕ್ಕೂ ಮೊದಲೇ ಬದಲಿಸಬೇಕು. ವಾರಂಟಿ ಬರೆದುಕೊಟ್ಟ ಅಂಗಡಿ ಅಷ್ಟು ದಿನ ಇರುತ್ತದೆಂಬುದಕ್ಕೆ ವಾರಂಟಿ ಇಲ್ಲ.

ಪ್ರಶ್ನೆ: ತಾರಸಿ ಇಲ್ಲದವರಿಗೆ ದಾರಿ?

ಮೀಟರು: ಇದೆ. ಒಂದು ಕಡೆ ಸೋಲಾರ್ ಘಟಕ ಹಾಕಿ ಅದರ ಯೂನಿಟ್ಟನ್ನು ಹಲವು ಮನೆಗಳ ಬಿಲ್ಲಿಗೆ ಹಂಚುವ ವರ್ಚುವಲ್ ನೆಟ್ ಮೀಟರಿಂಗ್ ಪದ್ಧತಿಗೆ ದೆಹಲಿ 2019ರಲ್ಲೇ ನಿಯಮ ಮಾಡಿತು. ಲೈನ್ ಮನೆಯವರಿಗೂ ಪುಟ್ಟ ಮಗ್ಗದವರಿಗೂ ಅದು ಹೊಂದುತ್ತದೆ. ಅದಕ್ಕೆ ಮೊದಲು ಬಾಡಿಗೆಯವರ ಹೆಸರಿನಲ್ಲಿ ಬೇರೆ ಮೀಟರು ಬೇಕು, ಆಮೇಲೆ ಹಂಚಿಕೆಯ ಆದೇಶ ಬೇಕು. ಈ ಮೀಟರಿಗೆ ಎಣಿಸುವ ಅಧಿಕಾರ ಮಾತ್ರ ಇದೆ. ಹಂಚುವ ಅಧಿಕಾರ ಇರುವವರನ್ನು ಕೇಳಬೇಕು. ಅವರು ಸಂದರ್ಶನಕ್ಕೆ ಸಿಗುವುದು ಚುನಾವಣೆಯ ಹೊತ್ತಿನಲ್ಲಿ.