ಅಜ್ಜಿಸಂಚಾರ ಮೀಮಾಂಸೆ: ನಾಲ್ಕು ತಾಲ್ಲೂಕಿನ ಭಾಷ್ಯ

ಆನೆ ಸಾಕುವವರಿಗೆ ಗಜಶಾಸ್ತ್ರವಿದೆ, ಅಡುಗೆಯವರಿಗೆ ಸೂಪಶಾಸ್ತ್ರವಿದೆ. ಮರೆವಿನ ಕಾಯಿಲೆ ಹಿಡಿದು, ಮಂಡಿಯೂ ಕೈಕೊಟ್ಟ ಅಜ್ಜಿಯನ್ನು ಕಾರು ಹತ್ತಿಸುವುದಕ್ಕೆ ಮಾತ್ರ ಒಂದು ಸೂತ್ರವೂ ಇಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಮಟ್ಟಿಗಾದರೂ ಈ ಕೊರತೆ ನೀಗಲೆಂದು ಈ ಭಾಷ್ಯ.

ಪೂರ್ವಪಕ್ಷ: 'ನಾಳೆಗೆ ನೆನಪೇ ಇರಲ್ಲ, ಕರ್ಕೊಂಡ್ ಹೋಗಿ ಏನ್ ಪ್ರಯೋಜನ?' ಇದು ನೆಂಟರ ಮತ. ಸಿದ್ಧಾಂತ: ಹೋದ ಸೋಮವಾರ ಉಂಡದ್ದು ನೆಂಟರಿಗೂ ನೆನಪಿಲ್ಲ, ಆದರೂ ಈ ಸೋಮವಾರ ಉಣ್ಣುತ್ತಾರೆ. ಹೋದ ಜಾಗ ಮರೆತ ಮೇಲೂ ಅಲ್ಲಿ ಸಿಕ್ಕ ನೆಮ್ಮದಿ ಒಂದಷ್ಟು ಹೊತ್ತು ಉಳಿಯುತ್ತದೆ. ಅಷ್ಟು ಸಾಕು.

ಎರಡನೆಯ ಪೂರ್ವಪಕ್ಷ: 'ವಯಸ್ಸಾದ ಮೇಲೆ ಅರಳು ಮರಳು ಸಹಜ.' ದೇಶದಲ್ಲಿ 60 ದಾಟಿದ ನೂರು ಜನರಲ್ಲಿ ಸುಮಾರು 7 ಮಂದಿಗೆ ಡಿಮೆನ್ಷಿಯಾ ಇದೆಯೆಂದು ಅಂದಾಜು. ಉಳಿದ 93 ಮಂದಿಗೆ ಬಾರದ್ದು ಸಹಜ ಹೇಗಾದೀತು? ನೂರು ದಾಟಿ ಬದುಕಿದ ವಿಶ್ವೇಶ್ವರಯ್ಯನವರ ಸಮಾಧಿ ಇಲ್ಲೇ ಮುದ್ದೇನಹಳ್ಳಿಯಲ್ಲಿದೆ. ಅನುಮಾನವಿದ್ದವರು ಅಲ್ಲಿಗೆ ಹೋಗಿ ವಾದಿಸಬಹುದು.

ಸಂಚಾರಿಗಳಲ್ಲಿ ಮೂರು ಪ್ರಭೇದ. ಒಲ್ಲೆವಾದಿ, ಹೊರಡುವಾಗ 'ನಾನು ಬರಲ್ಲ' ಎಂದು ಹಟ ಹಿಡಿದು, ವಾಪಸು ಬರುವಾಗ ಇಳಿಯಲೊಲ್ಲೆ ಎನ್ನುವವರು. ಸರ್ವಪರಿಚಿತೆ, ಕಂಡವರನ್ನೆಲ್ಲ 'ಯಾವಾಗ ಬಂದ್ಯಪ್ಪಾ' ಎಂದು ಕೇಳುವವರು, ಇವರಿಂದ ಅಪಾಯವಿಲ್ಲ. ಮನೆಮುಖಿ, ಮನೆಯಲ್ಲೇ ಕೂತು 'ಮನೆಗೆ ಹೋಗೋಣ' ಎನ್ನುವವರು. ಚಿಂತಾಮಣಿ ಕಡೆ ಇದೇ ಮಾತು 'ಇಂಟಿಕಿ ಪೋದಾಂ' ಎಂದು ಬರುತ್ತದೆ. ಮನೆಮಾತು ತೆಲುಗಾದವರಲ್ಲಿ ಆಮೇಲೆ ಕಲಿತ ಕನ್ನಡವೇ ಮೊದಲು ಜಾರುವುದುಂಟು. 'ಇದೇ ಮನೆಯಲ್ವಾ' ಎಂದು ವಾದಿಸುವುದು ಶಾಸ್ತ್ರನಿಷಿದ್ಧ. 'ಹೋಗೋಣಮ್ಮ, ಚಪ್ಪಲಿ ಹಾಕ್ಕೋ' ಎಂಬುದೊಂದೇ ವಿಹಿತವಾದ ಉತ್ತರ.

ವಾಹನಪ್ರಕರಣ ಚಿಕ್ಕದು. 2023ರ ಜೂನ್‌ನಿಂದ ಶಕ್ತಿ ಯೋಜನೆ ಅಜ್ಜಿಗೆ ಬಸ್ಸಿನ ಟಿಕೆಟ್ ಮನ್ನಾ ಮಾಡಿದೆ, ಮೆಟ್ಟಿಲು ಮನ್ನಾ ಮಾಡಿಲ್ಲ. ಕಾರಾದರೆ ಮೊದಲು ಬೆನ್ನು ತಿರುಗಿಸಿ ಕೂರಿಸಿ, ಆಮೇಲೆ ಕಾಲೆರಡನ್ನೂ ಒಟ್ಟಿಗೆ ಒಳಗೆ ತೆಗೆದುಕೊಳ್ಳಬೇಕು. ಕಾಲು ಮೊದಲು, ಮೈ ಆಮೇಲೆ ಎನ್ನುವುದು ಅಳಿಯಂದಿರ ಸಂಪ್ರದಾಯ. ಸೊಂಟ ಉಳುಕುವುದು ಅದರಿಂದಲೇ.

ಕ್ಷೇತ್ರಗಳನ್ನು ಪುಣ್ಯದ ಮೇಲೆ ವಿಂಗಡಿಸಿದವರು ಯಾರೂ ಗಾಲಿಕುರ್ಚಿ ತಳ್ಳಿದವರಲ್ಲ. ಈ ಶಾಸ್ತ್ರ ಮೆಟ್ಟಿಲ ಮೇಲೆ ವಿಂಗಡಿಸುತ್ತದೆ. ಸೋಪಾನಪ್ರಧಾನ: ಕೈವಾರದ ಬಳಿಯ ಕೈಲಾಸಗಿರಿ, ಅಂಬಾಜಿದುರ್ಗ, ಇವು ಮೊಮ್ಮಕ್ಕಳ ಪಾಲಿಗಿರಲಿ. ನಂದಿಬೆಟ್ಟ ಮಿಶ್ರಜಾತಿ. 1478 ಮೀಟರ್ ಎತ್ತರದ ಬಹುಪಾಲನ್ನು ಕಾರೇ ಹತ್ತುತ್ತದೆ, ಕೊನೆಯ ಮೆಟ್ಟಿಲುಗಳು ನಮ್ಮ ತಲೆಗೆ. ಭಾನುವಾರದ ಜನಜಂಗುಳಿಯಲ್ಲಿ ಅಲ್ಲಿಗೆ ಹೋಗುವುದು ಪ್ರಾಯಶ್ಚಿತ್ತಕ್ಕೆ ಅರ್ಹ. ಹೊಸ್ತಿಲುಪ್ರಧಾನ: ಬೆಟ್ಟದ ಬುಡದ ಭೋಗನಂದೀಶ್ವರ. ಒಂಬತ್ತನೇ ಶತಮಾನದಿಂದ ನಿಂತಿರುವ ಗುಡಿ, ವಿಶಾಲ ಅಂಗಳ. ಗರ್ಭಗುಡಿಯ ಹಟ ಬಿಟ್ಟು, ಕಲ್ಲು ಕಾಯುವ ಮುಂಚೆ ಕಂಬದ ನೆರಳಲ್ಲಿ ಕೂರಿಸಿದರೆ ಫಲ ಪೂರ್ತಿ. ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಮೊಮ್ಮಗ 1938ರ ಏಪ್ರಿಲ್ 25ರ ಗೋಲಿಬಾರಿನ ಚರಿತ್ರೆ ಒಪ್ಪಿಸುತ್ತಿದ್ದರೆ, ಅಜ್ಜಿ ನಾಗರಕಲ್ಲಿಗೆ ಅರಿಶಿನ ಹಚ್ಚಲು ಕೈ ಚಾಚುತ್ತಾರೆ. ಶಾಸ್ತ್ರ ಅಜ್ಜಿಯ ಪಕ್ಷ.

ಎಲ್ಲಕ್ಕಿಂತ ಶ್ರೇಷ್ಠ ಕ್ಷೇತ್ರ ಯಾವ ಪ್ರವಾಸಿ ನಕ್ಷೆಯಲ್ಲೂ ಇಲ್ಲ: ಶಿಡ್ಲಘಟ್ಟದ ಸುತ್ತಲಿನ ಯಾವುದಾದರೂ ರೇಷ್ಮೆ ಹುಳುಮನೆ. ಮಗನ ಹೆಸರು ಮರೆತ, ಆದರೆ ಆಯುಷ್ಯವಿಡೀ ರೇಷ್ಮೆ ಕಂಡ ಹೆಂಗಸಿನ ಕೈಗೆ ಒಂದು ಗೂಡು ಕೊಟ್ಟು ನೋಡಿ. ಬೆರಳಲ್ಲಿ ಒತ್ತುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, 'ಇನ್ನೂ ಹಸಿ, ಬಿಡಿಸಬೇಡ' ಎಂದು ತೀರ್ಪು ಕೊಡುತ್ತಾರೆ. ಹೆಸರು, ತಾರೀಖುಗಳ ನೆನಪು ಅಳಿಸಿದ ಮೇಲೂ ಕೈಕೆಲಸದ ನೆನಪು ಬಹುಕಾಲ ಉಳಿಯುವುದು ಈ ಕಾಯಿಲೆಯ ಲಕ್ಷಣ. ಹಿಪ್ಪುನೇರಳೆ ಸೊಪ್ಪಿನ ವಾಸನೆ, ಹುಳು ಗೂಡು ಕಟ್ಟುವ ಚಂದ್ರಿಕೆಯ ಸಾಲು, ಬದುವಿನ ನೆರಳಲ್ಲೊಂದು ಕುರ್ಚಿ. ಅರ್ಧ ಗಂಟೆ ಅಲ್ಲಿ ಅವರು ರೋಗಿಯಲ್ಲ, ಯಜಮಾನಿ. ಬಾಗೇಪಲ್ಲಿ ಕಡೆಯವರಾದರೆ ಕಡಲೆಕಾಯಿ ಬಿಡಿಸಲು ಕೊಡಿ, ಅದೇ ಫಲ.

ಕಾಲನಿರ್ಣಯ: ಬೆಳಗಿನ ತಿಂಡಿಯಾದ ಮೇಲೆ ಹೊರಟು ಮಧ್ಯಾಹ್ನದ ಊಟಕ್ಕೆ ಮನೆ ಸೇರಬೇಕು. ಸಂಜೆಯಾದಂತೆ ಹಲವರಿಗೆ ಗಾಬರಿ, ಗೊಂದಲ ಏರುತ್ತದೆ. ದಾರಿಯಲ್ಲಿ ಮೂತ್ರಕ್ಕೆ ತೊಂದರೆಯೆಂದು ನೀರು ಕೊಡದಿರುವುದು ಮಹಾಪಾತಕ. ನೀರು ಕಡಿಮೆಯಾದರೆ ಗೊಂದಲ ಹೆಚ್ಚುತ್ತದೆ. ಸೆರಗಿಗೆ ಫೋನ್ ನಂಬರಿನ ಚೀಟಿ ಪಿನ್ನು ಹಾಕಿ, ಚಿನ್ನ ಮನೆಯಲ್ಲಿರಲಿ.

ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮ ಮೊದಲು ಬಂದ ಜಿಲ್ಲೆಗಳಲ್ಲಿ ಚಿಕ್ಕಬಳ್ಳಾಪುರವೂ ಒಂದು. ಚಿಂತಾಮಣಿಯ ಪಕ್ಕದ ಶ್ರೀನಿವಾಸಪುರದಲ್ಲಿ ವಿಜ್ಞಾನಿಗಳು ಹಳ್ಳಿಯ ಹಿರಿಯರ ಮರೆವನ್ನು ವರ್ಷಗಟ್ಟಲೆ ಅಧ್ಯಯನ ಮಾಡುತ್ತಿದ್ದಾರೆ. ವೈದ್ಯರು ತಮ್ಮ ಕೆಲಸ ಶುರು ಮಾಡಿದ್ದಾರೆ. ಉಳಿದದ್ದು ಗಾರೆಯವರ ಕೆಲಸ. ಈ ನಾಲ್ಕು ತಾಲ್ಲೂಕಿನ ದೇವಸ್ಥಾನ ಸಮಿತಿಯವರೇ, ಮುಂದಿನ ಜಾತ್ರೆಗೆ ಹೊಸ ಕಮಾನು ಕಟ್ಟಿಸುವ ಮೊದಲು ಬಾಗಿಲಿಗೊಂದು ಇಳಿಜಾರು, ಹಿಡಿಯಲೊಂದು ಕಂಬಿ, ಕೂತು ಬಳಸುವ ಒಂದು ಶೌಚಾಲಯ ಮಾಡಿಸಿ.